ಅಡಿಗೆಮನೆಯ ಪಾತ್ರೆಗಳಲ್ಲಿ ವಿಷಲೋಹಗಳು: ಪರೀಕ್ಷೆ ಮತ್ತು ಮುನ್ನೆಚ್ಚರಿಕೆ

ಭದ್ರಾ ಅಚ್ಚುಕಟ್ಟಿಗೆ ಸೇರಿದ ದಾವಣಗೆರೆ ಮತ್ತು ಹರಿಹರ ತಾಲ್ಲೂಕುಗಳ ರೈತರಿಗೆ ಮಣ್ಣು ಪರೀಕ್ಷೆ ಹೊಸ ಮಾತಲ್ಲ. ನಾಟಿಯಾದ ಕೆಲವು ವಾರಗಳಲ್ಲಿ ಭತ್ತದ ಎಲೆಗಳ ಮೇಲೆ ಕಂದು ಚುಕ್ಕೆಗಳು ಕಾಣಿಸಿಕೊಂಡು ಪೈರು ಕುಂಠಿತವಾದರೆ ಸತುವಿನ ಕೊರತೆ ಇರಬಹುದೆಂದು ಅವರು ಊಹಿಸುತ್ತಾರೆ. ಮಣ್ಣಿನ ಮಾದರಿ ತೆಗೆದು ಪ್ರಯೋಗಶಾಲೆಗೆ ಕಳುಹಿಸುತ್ತಾರೆ. ವರದಿ ಬಂದ ಮೇಲೆ ಸತುವಿನ ಸಲ್ಫೇಟ್ ಹಾಕುತ್ತಾರೆ. ಒಂದು ಕಿಲೋಗ್ರಾಂ ಮಣ್ಣಿನಲ್ಲಿ ಅರ್ಧ ಮಿಲಿಗ್ರಾಂನಷ್ಟು ಲೋಹ ಹೆಚ್ಚುಕಡಿಮೆಯಾದರೂ ಬೆಳೆಯ ಗತಿ ಬದಲಾಗುತ್ತದೆಂಬುದು ಅವರಿಗೆ ಅನುಭವದಿಂದ ತಿಳಿದಿದೆ. ಆದರೆ ಅದೇ ಭತ್ತ ಅಕ್ಕಿಯಾಗಿ ಮನೆ ಸೇರಿದ ಮೇಲೆ ಅದು ಬೇಯುವ ಪಾತ್ರೆ ಯಾವ ಲೋಹದ್ದು, ಆ ಪಾತ್ರೆಯಿಂದ ಊಟಕ್ಕೆ ಏನು ಸೇರುತ್ತಿದೆ ಎಂದು ಕೇಳುವವರು ವಿರಳ.

ಮನೆಗೆ ಪಾತ್ರೆಗಳು ಹಲವು ದಾರಿಯಿಂದ ಬರುತ್ತವೆ. ಅಜ್ಜಿಯ ಕಾಲದ ಹಿತ್ತಾಳೆಯ ಕೊಡ, ತಪ್ಪಲೆ, ಚರಿಗೆಗಳು ಅಟ್ಟದ ಮೇಲಿರುತ್ತವೆ. ಮದುವೆಯ ಉಡುಗೊರೆಯಾಗಿ ಸ್ಟೀಲ್ ಪಾತ್ರೆಗಳು ಬರುತ್ತವೆ. ದಾವಣಗೆರೆಯ ಪೇಟೆಯಲ್ಲಿಯೋ, ಸಂತೆಯಲ್ಲಿಯೋ, ದುಗ್ಗಮ್ಮನ ಜಾತ್ರೆಯಲ್ಲಿಯೋ ಅಗ್ಗವಾಗಿ ಸಿಕ್ಕಿದ ಅಲ್ಯೂಮಿನಿಯಂ ಬೋಗುಣಿಗಳೂ ಇರುತ್ತವೆ. ಇವುಗಳಲ್ಲಿ ಹೆಚ್ಚಿನವು ನಿರಪಾಯ. ಕೆಲವು ಹಾಗಲ್ಲ. ಯಾವುದು ಯಾವ ಗುಂಪಿಗೆ ಸೇರಿದ್ದೆಂದು ಕಣ್ಣಿಗೆ ಕಾಣುವುದಿಲ್ಲ, ನಾಲಿಗೆಗೂ ತಿಳಿಯುವುದಿಲ್ಲ. ಆದ್ದರಿಂದ ಪರೀಕ್ಷೆಯ ಕ್ರಮವನ್ನೂ, ಪರೀಕ್ಷೆಗೆ ಮುಂಚೆಯೇ ಕೈಗೊಳ್ಳಬಹುದಾದ ಎಚ್ಚರಿಕೆಗಳನ್ನೂ ಗೃಹಿಣಿಯರು, ರೈತರು ಮತ್ತು ವಿಸ್ತರಣಾ ಕಾರ್ಯಕರ್ತರು ತಿಳಿದಿರುವುದು ಅಗತ್ಯ.

ಭಾರಲೋಹಗಳು ಎಂದರೇನು?

ಕಬ್ಬಿಣ, ಸತು, ತಾಮ್ರ, ಮ್ಯಾಂಗನೀಸ್ ಮುಂತಾದ ಲೋಹಗಳು ಗಿಡಕ್ಕೂ ಮನುಷ್ಯನಿಗೂ ಅಲ್ಪ ಪ್ರಮಾಣದಲ್ಲಿ ಬೇಕು. ಮಿತಿ ಮೀರಿದರೆ ಇವೂ ಹಾನಿಕರ. ಸೀಸ, ಕ್ಯಾಡ್ಮಿಯಂ, ಪಾದರಸ ಮತ್ತು ಇವುಗಳ ಜೊತೆಯಲ್ಲಿಯೇ ಎಣಿಸಲಾಗುವ ಆರ್ಸೆನಿಕ್ ಇವುಗಳ ಮಾತು ಬೇರೆ. ಇವುಗಳಿಂದ ದೇಹಕ್ಕೆ ಯಾವ ಉಪಯೋಗವೂ ಇಲ್ಲ. ಅಡಿಗೆಮನೆಯ ಮಟ್ಟಿಗೆ ಇವುಗಳಲ್ಲಿ ಮುಖ್ಯವಾದುದು ಸೀಸ. ಇದು ಅಗ್ಗದ ಲೋಹ. 327 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿಯೇ ಕರಗುತ್ತದೆ. ಬೇರೆ ಲೋಹಗಳೊಡನೆ ಬೆರೆಸಿದರೆ ಎರಕವೂ ಕಡೆತವೂ ಸುಲಭವಾಗುತ್ತದೆ. ಈ ಗುಣಗಳಿಂದಲೇ ಅದು ಹಿತ್ತಾಳೆ, ಬೆಸುಗೆ, ಬಣ್ಣ, ಬ್ಯಾಟರಿ ಹೀಗೆ ಅನೇಕ ವಸ್ತುಗಳನ್ನು ಸೇರಿಕೊಂಡಿದೆ.

ಸೀಸದಿಂದಾಗುವ ಹಾನಿ

ನುಂಗಿದ ಸೀಸದಲ್ಲಿ ವಯಸ್ಕರ ದೇಹ ಹೀರಿಕೊಳ್ಳುವುದು ಸುಮಾರು ಶೇಕಡಾ 10 ಭಾಗವಾದರೆ, ಚಿಕ್ಕ ಮಕ್ಕಳ ದೇಹ ಶೇಕಡಾ 40ರಿಂದ 50 ಭಾಗವನ್ನು ಹೀರಿಕೊಳ್ಳಬಲ್ಲದು. ಹೀರಲ್ಪಟ್ಟ ಸೀಸ ಮೊದಲು ರಕ್ತದಲ್ಲಿದ್ದು, ಅನಂತರ ಸುಣ್ಣದ ಅಂಶದೊಡನೆ ಮೂಳೆಯಲ್ಲಿ ಕುಳಿತು ದಶಕಗಳ ಕಾಲ ಉಳಿಯುತ್ತದೆ. ಹೆಣ್ಣುಮಗಳು ಬಾಲ್ಯದಲ್ಲಿ ಉಂಡ ಸೀಸ ಆಕೆ ಗರ್ಭಿಣಿಯಾದಾಗ ಮೂಳೆಯಿಂದ ಹೊರಬಂದು ಹೊಟ್ಟೆಯಲ್ಲಿರುವ ಕೂಸನ್ನು ತಲುಪಬಹುದು. ಪ್ರಮಾಣ ಹೆಚ್ಚಾದಾಗ ರಕ್ತಹೀನತೆ, ಹೊಟ್ಟೆನೋವು, ಮಲಬದ್ಧತೆ ಕಾಣಿಸಿಕೊಳ್ಳುತ್ತವೆ. ಪ್ರಮಾಣ ಕಡಿಮೆ ಇದ್ದಾಗ ಹೊರಲಕ್ಷಣ ಏನೂ ಇರುವುದಿಲ್ಲ. ಮಗುವಿನ ಕಲಿಕೆ, ಗಮನಶಕ್ತಿ ಮತ್ತು ಬುದ್ಧಿಮಟ್ಟ ಮಾತ್ರ ಸದ್ದಿಲ್ಲದೆ ಕುಂದುತ್ತವೆ. ಕುಂದಿದುದು ಮತ್ತೆ ಪೂರ್ಣವಾಗಿ ಮರಳುವುದಿಲ್ಲ. ಸೀಸಕ್ಕೆ ಅಪಾಯವಿಲ್ಲದ ಕನಿಷ್ಠ ಮಿತಿ ಎಂಬುದೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಈ ಕಾರಣದಿಂದ.

ನಮ್ಮ ರಾಜ್ಯದಲ್ಲಿ ಈ ವಿಷಯದತ್ತ ಗಮನ ಸೆಳೆದುದು ಬೆಂಗಳೂರಿನ ಕೆಲಸ. ಜಾರ್ಜ್ ಫೌಂಡೇಶನ್ ಎಂಬ ಸಂಸ್ಥೆಯು ಬೆಂಗಳೂರೂ ಸೇರಿದಂತೆ ದೇಶದ ಪ್ರಮುಖ ನಗರಗಳಲ್ಲಿ ರಕ್ತಪರೀಕ್ಷೆ ನಡೆಸಿ 1999ರಲ್ಲಿ ವರದಿ ಪ್ರಕಟಿಸಿತು. ಪರೀಕ್ಷೆಗೊಳಗಾದ 12 ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ರಕ್ತದಲ್ಲಿ ಸೀಸದ ಪ್ರಮಾಣ ಡೆಸಿಲೀಟರಿಗೆ 10 ಮೈಕ್ರೋಗ್ರಾಂ ಮುಟ್ಟಿತ್ತು ಅಥವಾ ಅದನ್ನು ಮೀರಿತ್ತು. ಇಂದು 5 ಮೈಕ್ರೋಗ್ರಾಂ ಮುಟ್ಟಿದರೇ ಮೂಲವನ್ನು ಹುಡುಕಿ ತಡೆಯಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ 2021ರ ಸಲಹೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಅವರು ಈ ಕಾರ್ಯವನ್ನು ಮುಂದುವರಿಸಿ, ಸೀಸದ ಬಗೆಗಿನ ರಾಷ್ಟ್ರೀಯ ಕೇಂದ್ರವೊಂದು ಅಲ್ಲಿ ನೆಲೆಗೊಳ್ಳಲು ಕಾರಣರಾದರು. 2000ದಲ್ಲಿ ದೇಶದಾದ್ಯಂತ ಸೀಸಯುಕ್ತ ಪೆಟ್ರೋಲ್ ನಿಂತಿತು. ಆ ದೊಡ್ಡ ಮೂಲ ಹೋದ ಮೇಲೆ ಉಳಿದ ಚಿಕ್ಕ ಮೂಲಗಳು ಎದ್ದು ಕಾಣತೊಡಗಿವೆ. ಮನೆಯ ಪಾತ್ರೆ ಅವುಗಳಲ್ಲಿ ಒಂದು.

ಪಾತ್ರೆ ಬದಲಿಸಿದಾಗ ಇಳಿಮುಖವಾದ ರೋಗ

ಪಾತ್ರೆಯಿಂದ ಪ್ರಾಣಾಪಾಯ ಆಗಬಲ್ಲದೇ ಎಂದು ಸಂಶಯಿಸುವವರಿಗೆ ನೆರೆಯ ಮಹಾರಾಷ್ಟ್ರದ ಪುಣೆಯ ನಿದರ್ಶನ ಸಾಕು. ಕಳೆದ ಶತಮಾನದಲ್ಲಿ ಒಂದರಿಂದ ಮೂರು ವರ್ಷದ ಮಕ್ಕಳಿಗೆ ಯಕೃತ್ತು ಗಟ್ಟಿಯಾಗಿ, ಹೊಟ್ಟೆ ಉಬ್ಬಿ, ಕೆಲವೇ ತಿಂಗಳುಗಳಲ್ಲಿ ಸಾವು ಬರುವ ರೋಗವೊಂದು ನಮ್ಮ ದೇಶದ ಅನೇಕ ಕಡೆ ಇತ್ತು. ದಕ್ಷಿಣ ಭಾರತವೂ ಇದರಿಂದ ಹೊರತಾಗಿರಲಿಲ್ಲ. ವೈದ್ಯಗ್ರಂಥಗಳು ಇದನ್ನು ಭಾರತೀಯ ಬಾಲ ಸಿರೋಸಿಸ್ ಎಂದೇ ಕರೆದವು. ಒಂದೇ ಮನೆಯಲ್ಲಿ ಒಂದರ ಮೇಲೊಂದು ಮಗು ಇದರಿಂದ ತೀರಿಕೊಂಡಾಗ ಜನ ಅದನ್ನು ವಂಶದ ದೋಷವೆಂದು ಭಾವಿಸುತ್ತಿದ್ದರು.

1979ರಲ್ಲಿ ಈ ಮಕ್ಕಳ ಯಕೃತ್ತಿನಲ್ಲಿ ತಾಮ್ರ ಸಹಜಕ್ಕಿಂತ ಹಲವು ಪಟ್ಟು ಹೆಚ್ಚಾಗಿರುವುದು ಪ್ರಕಟವಾಯಿತು. ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಡಾ. ಆನಂದ ಪಂಡಿತ್, ಡಾ. ಶೀಲಾ ಭಾವೆ ಹಾಗೂ ಇಂಗ್ಲೆಂಡಿನ ಡಾ. ಸ್ಟುವರ್ಟ್ ಟ್ಯಾನರ್ ಅವರು ಆ ತಾಮ್ರ ಎಲ್ಲಿಂದ ಬಂತೆಂದು ಹುಡುಕುತ್ತಾ ಅಡಿಗೆಮನೆಗೆ ಬಂದರು. ಎಳೆಯ ಕೂಸುಗಳಿಗೆ ಎದೆಹಾಲಿನ ಜೊತೆಗೋ ಬದಲಿಗೋ ಕೊಡುತ್ತಿದ್ದ ಹಸು-ಎಮ್ಮೆಯ ಹಾಲನ್ನು ಹಿತ್ತಾಳೆ ಅಥವಾ ಕಲಾಯಿ ಇಲ್ಲದ ತಾಮ್ರದ ಪಾತ್ರೆಯಲ್ಲಿ ಕಾಯಿಸಿ ಇಡುತ್ತಿದ್ದುದು ಕಂಡುಬಂದಿತು. ಹಾಗೆ ಇಟ್ಟ ಹಾಲು ತಾಮ್ರವನ್ನು ಹೀರುತ್ತದೆ. ಹಾಲಿನ ಕೇಸಿನ್ ಎಂಬ ಸಸಾರಜನಕ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಈ ಸಂಬಂಧವನ್ನು ಅವರು 1983ರಲ್ಲಿ ಮುಂದಿಟ್ಟರು. ಹಾಲಿನ ಪಾತ್ರೆಗಳು ಸ್ಟೀಲ್ ಮತ್ತು ಅಲ್ಯೂಮಿನಿಯಂಗೆ ಬದಲಾದಂತೆ ರೋಗವೂ ಕಡಿಮೆಯಾಗುತ್ತಾ ಬಂದು, ಇಂದು ಅಪರೂಪವೆನಿಸಿದೆ. ಔಷಧದಿಂದ ಗುಣಪಡಿಸುವುದು ಕಷ್ಟವಾಗಿದ್ದ ರೋಗವನ್ನು ಪಾತ್ರೆಯ ಬದಲಾವಣೆ ತಡೆಯಿತು.

ಇದರಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಅದೇ ಮನೆಯ ದೊಡ್ಡವರು ಅದೇ ಹಿತ್ತಾಳೆ ಪಾತ್ರೆಗಳನ್ನು ಜೀವಮಾನವಿಡೀ ಬಳಸಿದರೂ ಈ ರೋಗ ಅವರಿಗೆ ಬರಲಿಲ್ಲ. ಅಪಾಯ ಪಾತ್ರೆಯ ಲೋಹ ಒಂದರಲ್ಲಿಯೇ ಇರಲಿಲ್ಲ. ಯಾರು ಉಣ್ಣುತ್ತಾರೆ, ಏನನ್ನು ಉಣ್ಣುತ್ತಾರೆ, ಅದು ಪಾತ್ರೆಯಲ್ಲಿ ಎಷ್ಟು ಹೊತ್ತು ಇತ್ತು ಎಂಬ ಮೂರೂ ಸೇರಿ ಅಪಾಯವನ್ನು ನಿರ್ಧರಿಸಿದ್ದವು.

ಒಟ್ಟು ಲೋಹ ಬೇರೆ, ಹೊರಬರುವ ಲೋಹ ಬೇರೆ

ಮಣ್ಣು ಪರೀಕ್ಷೆ ಬಲ್ಲವರಿಗೆ ಈ ತತ್ವ ಸುಲಭವಾಗಿ ಅರ್ಥವಾಗುತ್ತದೆ. ಒಂದು ಕಿಲೋಗ್ರಾಂ ಮಣ್ಣಿನಲ್ಲಿ ಒಟ್ಟು ಸತು ಹತ್ತಾರು ಮಿಲಿಗ್ರಾಂ ಇರಬಹುದು. ಆದರೂ ಪೈರು ಸತುವಿನ ಕೊರತೆಯಿಂದ ಸೊರಗಬಹುದು. ಏಕೆಂದರೆ ಬೇರಿಗೆ ದೊರೆಯುವುದು ಆ ಒಟ್ಟಿನಲ್ಲಿ ಒಂದು ಸಣ್ಣ ಪಾಲು ಮಾತ್ರ. ಆದ್ದರಿಂದಲೇ ಪ್ರಯೋಗಶಾಲೆಯಲ್ಲಿ ಮಣ್ಣನ್ನು ಪೂರ್ತಿ ಕರಗಿಸದೆ, ಡಿ.ಟಿ.ಪಿ.ಎ. ದ್ರಾವಣದಿಂದ ಕಲಕಿ, ಅದರಲ್ಲಿ ಹೊರಬಂದ ಸತುವನ್ನಷ್ಟೇ ಅಳೆಯುತ್ತಾರೆ. ಅದು ಸುಮಾರು 0.6 ಪಿ.ಪಿ.ಎಂ.ಗಿಂತ ಕಡಿಮೆಯಾದರೆ ಕೊರತೆ ಎನ್ನುತ್ತಾರೆ.

ಪಾತ್ರೆಗೂ ಇದೇ ನಿಯಮ. ಲೋಹದಲ್ಲಿ ಸೀಸ ಎಷ್ಟಿದೆ ಎಂಬುದು ಒಂದು ಪ್ರಶ್ನೆ. ಅದರಿಂದ ಸಾರಿಗೆ ಎಷ್ಟು ಇಳಿಯುತ್ತದೆ ಎಂಬುದು ಮತ್ತೊಂದು. ಊಟ ಮಾಡುವವರಿಗೆ ಬೇಕಾದುದು ಎರಡನೆಯದರ ಉತ್ತರ. ಹುಳಿ ಮಣ್ಣಿನಲ್ಲಿ ಲೋಹಗಳು ಹೆಚ್ಚು ಕರಗುವಂತೆ ಹುಳಿ ಅಡಿಗೆಯಲ್ಲಿಯೂ ಕರಗುತ್ತವೆ. ಹುಣಿಸೆಹಣ್ಣಿನ ಸಾರು, ಟೊಮ್ಯಾಟೊ, ನಿಂಬೆರಸ, ಮಜ್ಜಿಗೆ, ಮೊಸರು, ಹುದುಗು ಬಂದ ದೋಸೆಹಿಟ್ಟು, ಉಪ್ಪಿನಕಾಯಿ ಇವೆಲ್ಲ ಹುಳಿ ಪದಾರ್ಥಗಳು. ಉಪ್ಪು, ಕುದಿಯುವ ಶಾಖ ಮತ್ತು ಹೆಚ್ಚು ಹೊತ್ತಿನ ಸಂಪರ್ಕ ಕರಗುವಿಕೆಯನ್ನು ಇನ್ನೂ ಹೆಚ್ಚಿಸುತ್ತವೆ. ಒಂದೇ ಬೋಗುಣಿಯಲ್ಲಿ ನೀರು ಕಾಯಿಸಿದರೆ ಇಳಿಯುವ ಲೋಹಕ್ಕೂ, ಹುಳಿಸಾರು ಕುದಿಸಿ ರಾತ್ರಿಯಿಡೀ ಇಟ್ಟರೆ ಇಳಿಯುವ ಲೋಹಕ್ಕೂ ಬಹಳ ಅಂತರವಿರುತ್ತದೆ.

ಯಾವ ಪಾತ್ರೆಯಲ್ಲಿ ಏನು ಎಚ್ಚರ?

ಹಿತ್ತಾಳೆ ಮತ್ತು ತಾಮ್ರ: ಹಿತ್ತಾಳೆ ತಾಮ್ರ ಮತ್ತು ಸತುವಿನ ಮಿಶ್ರಲೋಹ. ಕಡೆಯಲು ಅನುಕೂಲವಾಗಲೆಂದು ಎರಕದ ಹಿತ್ತಾಳೆಗೆ ಸೀಸ ಸೇರಿಸುವುದುಂಟು. ನಲ್ಲಿ, ತಿರುಪು ಮುಂತಾದವುಗಳ ಹಿತ್ತಾಳೆಯಲ್ಲಿ ಅದು ಶೇಕಡಾ 3ರಷ್ಟೂ ಇರಬಹುದು. ಅಂತಹ ಗುಜರಿ ಕರಗಿಸಿ ಪಾತ್ರೆ ಎರಕ ಹೊಯ್ದರೆ ಸೀಸ ಪಾತ್ರೆಗೂ ಬರುತ್ತದೆ. ಸರಿಯಾಗಿ ಕಲಾಯಿ ಇಲ್ಲದ ತಾಮ್ರ-ಹಿತ್ತಾಳೆ ಪಾತ್ರೆಯಲ್ಲಿ ತಯಾರಿಸಿದ ಆಹಾರ ತಿನ್ನಲು ಯೋಗ್ಯವಲ್ಲವೆಂದು ಆಹಾರ ಕಲಬೆರಕೆ ತಡೆಯ 1955ರ ನಿಯಮಗಳೂ, ಅವುಗಳ ಸ್ಥಾನದಲ್ಲಿ ಬಂದ 2011ರ ನಿಯಮಗಳೂ ಹೇಳಿದ್ದವು. ತಾಮ್ರದ ಕೊಡದಲ್ಲಿ ಕುಡಿಯುವ ನೀರು ಇಡಲು ಅಡ್ಡಿಯಿಲ್ಲ. ಹಾಲು, ಮಜ್ಜಿಗೆ, ಹುಳಿ ಪದಾರ್ಥ ಇಡಬಾರದು.

ಕಲಾಯಿ: ಕಲಾಯಿ ಎಂದರೆ ಪಾತ್ರೆಯ ಒಳಮೈಗೆ ತವರದ ತೆಳು ಪೊರೆ ಕೊಡುವುದು. ಪಾತ್ರೆಯನ್ನು ಇದ್ದಿಲ ಒಲೆಯ ಮೇಲೆ ಕಾಯಿಸಿ, ನವಸಾಗರದ ಪುಡಿ ಉದುರಿಸಿ, ತವರದ ಕಡ್ಡಿ ತಾಗಿಸಿ, ಹತ್ತಿಯಿಂದ ಒರೆಸಿ ಹರಡುತ್ತಾರೆ. ತವರ 232 ಡಿಗ್ರಿಯಲ್ಲಿ ಕರಗುತ್ತದೆ. ಅದು ದುಬಾರಿ ಲೋಹವಾದುದರಿಂದ ಸೀಸ ಬೆರೆತ ಬೆಸುಗೆ ಕಡ್ಡಿಯನ್ನು ಬಳಸುವ ಆಮಿಷ ಇರುತ್ತದೆ. ಹಾಗೆ ಮಾಡಿದರೆ ರಕ್ಷಣೆಗೆಂದು ಹಾಕಿಸಿದ ಕಲಾಯಿಯೇ ವಿಷದ ಮೂಲವಾಗುತ್ತದೆ. ಶುದ್ಧ ತವರದ ಕಡ್ಡಿಯನ್ನು ಕಿವಿಯ ಬಳಿ ಹಿಡಿದು ಬಗ್ಗಿಸಿದರೆ ಕಿರ್ರೆಂಬ ಸದ್ದು ಕೇಳಿಸುತ್ತದೆ. ಸೀಸ ಬೆರೆತಂತೆ ಸದ್ದು ಅಡಗುತ್ತದೆ. ಸೀಸ ಹೆಚ್ಚಿರುವ ಕಡ್ಡಿಯನ್ನು ಬಿಳಿ ಕಾಗದದ ಮೇಲೆ ಎಳೆದರೆ ಬೂದು ಗೆರೆ ಮೂಡುತ್ತದೆ. ಇವು ಸೂಚನೆಗಳೇ ಹೊರತು ಖಚಿತ ಪರೀಕ್ಷೆಗಳಲ್ಲ. ಕಲಾಯಿ ಹಾಕಿಸುವಾಗ ತವರವನ್ನು ಮನೆಯವರೇ ನಂಬಿಕೆಯ ಅಂಗಡಿಯಿಂದ ತಂದುಕೊಡುವುದು ಒಳ್ಳೆಯದು. ಒಳಮೈಯಲ್ಲಿ ಹಳದಿ ಅಥವಾ ಕೆಂಪು ಇಣುಕಿದೊಡನೆ ಮತ್ತೆ ಕಲಾಯಿ ಮಾಡಿಸಬೇಕು.

ಅಲ್ಯೂಮಿನಿಯಂ: ಹಲವೆಡೆ ಜನರು ‘ಜರ್ಮನ್’ ಎಂದು ಕರೆಯುವ ಈ ಪಾತ್ರೆ ಬಡವರ ಮನೆಯ ಮುಖ್ಯ ಆಧಾರ. ನಿಗದಿತ ಗುಣಮಟ್ಟದ ತಗಡಿನಿಂದ ತಯಾರಾದ ಪಾತ್ರೆಯಲ್ಲಿ ಸೀಸದ ಭಯ ಕಡಿಮೆ. ಭಯವಿರುವುದು ಗುಜರಿಯಿಂದ ಎರಕ ಹೊಯ್ದ ಪಾತ್ರೆಯಲ್ಲಿ. ಯಂತ್ರೋಪಕರಣ ಕೈಗಾರಿಕೆಯಿಂದ ಹೆಸರಾದ ಹರಿಹರದಂತಹ ಊರಿನಲ್ಲಿ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಬಂದಂದಿನಿಂದ ಲೇತ್, ಎರಕ, ಮಿಶ್ರಲೋಹಗಳ ಪರಿಚಯ ಅಲ್ಲಿನ ಅನೇಕ ಮನೆಗಳಿಗೆ ಇದೆ. ಇಂಜಿನ್ ಭಾಗ, ಬೆಸುಗೆ ಹತ್ತಿದ ರೇಡಿಯೇಟರ್, ವಿದ್ಯುತ್ ಉಪಕರಣಗಳ ತುಣುಕು ಎಲ್ಲವನ್ನೂ ಒಂದೇ ಮೂಸೆಗೆ ಹಾಕಿದರೆ ಹೊರಬರುವ ಲೋಹದಲ್ಲಿ ಏನೇನಿದೆಯೆಂದು ಎರಕದವನಿಗೂ ತಿಳಿಯದು. ಇಂದಿನ ಎರಕದಲ್ಲಿ ಸೀಸ ಇಲ್ಲದಿದ್ದರೂ ನಾಳಿನದರಲ್ಲಿ ಇರಬಹುದು. ಭಾರತವೂ ಸೇರಿದಂತೆ ಹತ್ತು ದೇಶಗಳ 42 ಅಲ್ಯೂಮಿನಿಯಂ ಪಾತ್ರೆಗಳನ್ನು ಪರೀಕ್ಷಿಸಿದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಅವುಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ಗಮನಾರ್ಹ ಪ್ರಮಾಣದಲ್ಲಿ ಸೀಸವನ್ನು ಹೊರಬಿಟ್ಟಿದ್ದವು. 2025ರ ಆಗಸ್ಟ್‌ನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಆಮದಾದ ಕೆಲವು ಅಲ್ಯೂಮಿನಿಯಂ, ಹಿತ್ತಾಳೆ ಹಾಗೂ ಹಿಂಡಾಲಿಯಂ ಪಾತ್ರೆಗಳಿಂದ ಸೀಸ ಇಳಿಯಬಹುದೆಂದು ಎಚ್ಚರಿಕೆ ನೀಡಿತು. ಹಿಂಡಾಲಿಯಂ ಹೆಸರಿನಲ್ಲಿ ಮಾರಾಟವಾಗುವ ಪ್ರತಿಯೊಂದೂ ದೋಷಯುಕ್ತವೆಂದು ಇದರ ಅರ್ಥವಲ್ಲ. ಹೆಸರು ನೋಡಿ ಗುಣ ಹೇಳಲಾಗದು ಎಂಬುದಷ್ಟೇ ಇದರ ಅರ್ಥ.

ಒಂದು ವಿಷಯ ಸ್ಪಷ್ಟವಿರಲಿ. ಎಷ್ಟೇ ತಿಕ್ಕಿ ತೊಳೆದರೂ, ನೀರು ಹಾಕಿ ಕುದಿಸಿ ಚೆಲ್ಲಿದರೂ ಇಂತಹ ಪಾತ್ರೆಯ ಸೀಸ ಹೋಗುವುದಿಲ್ಲ. ಅದು ಮೇಲೆ ಅಂಟಿದ ಕೊಳೆಯಲ್ಲ. ಲೋಹದ ಮೈಯೊಳಗೇ ಬೆರೆತಿರುತ್ತದೆ.

ಸ್ಟೀಲ್, ಕಬ್ಬಿಣ ಮತ್ತು ಮಣ್ಣು: ಸ್ಟೇನ್‌ಲೆಸ್ ಸ್ಟೀಲ್ ಪಾತ್ರೆಯಿಂದ ಅತ್ಯಲ್ಪ ನಿಕೆಲ್, ಕ್ರೋಮಿಯಂ ಇಳಿಯಬಹುದಾದರೂ ಸೀಸದ ಭಯವಿಲ್ಲ. ಹುಳಿ ಅಡಿಗೆಗೆ ಇದೇ ಉತ್ತಮ. ಕಬ್ಬಿಣದ ಬಾಣಲೆ, ರೊಟ್ಟಿ-ದೋಸೆಯ ಹಂಚು ಕಬ್ಬಿಣದ ಅಂಶವನ್ನೇ ಕೊಡುವುದರಿಂದ ರಕ್ತಹೀನತೆ ಸಾಮಾನ್ಯವಾಗಿರುವ ನಮ್ಮಲ್ಲಿ ಅದು ಲಾಭ. ಮೆರುಗು ಕೊಡದ ಸಾದಾ ಮಣ್ಣಿನ ಮಡಕೆ ಬಳಸಬಹುದು. ಮೆರುಗು ಕೊಟ್ಟ ಉಪ್ಪಿನಕಾಯಿ ಜಾಡಿ, ಬಣ್ಣ ಬಳಿದ ಪಿಂಗಾಣಿ ಇವುಗಳ ಮಾತು ಬೇರೆ. ಮೆರುಗಿನಲ್ಲಿ ಸೀಸ, ಬಣ್ಣದಲ್ಲಿ ಕ್ಯಾಡ್ಮಿಯಂ ಇರಬಹುದು. ಉಪ್ಪಿನಕಾಯಿಯ ಹುಳಿ ಮತ್ತು ಉಪ್ಪು ತಿಂಗಳುಗಟ್ಟಲೆ ಜಾಡಿಯ ಮೈ ತಾಗಿಯೇ ಇರುತ್ತವೆ. ಮೂಲ ತಿಳಿಯದ ಜಾಡಿಗಿಂತ ಗಾಜಿನ ಭರಣಿ ಲೇಸು.

ಪರೀಕ್ಷಾ ವಿಧಾನಗಳು

1. ಬಣ್ಣದ ಪರೀಕ್ಷೆ: ಸೋಡಿಯಂ ರೋಡಿಜೊನೇಟ್ ಎಂಬ ರಾಸಾಯನಿಕದ ಹಳದಿ ದ್ರಾವಣ ಸೀಸ ತಗುಲಿದಾಗ ಗುಲಾಬಿ ಅಥವಾ ಕೆಂಪಾಗುತ್ತದೆ. ಬಣ್ಣ ಬಳಿದ ವಸ್ತು, ಬೆಸುಗೆ, ಕಲಾಯಿ ಇವುಗಳಲ್ಲಿ ಸೀಸ ಹೆಚ್ಚಿದ್ದರೆ ಇದು ತೋರಿಸುತ್ತದೆ. ಎರಕದ ಅಲ್ಯೂಮಿನಿಯಂನಲ್ಲಿರುವ ಅಲ್ಪ ಸೀಸವನ್ನು ತೋರಿಸದೆಯೂ ಇರಬಹುದು. ಕೆಂಪಾದರೆ ಎಚ್ಚರ ವಹಿಸಬೇಕು; ಕೆಂಪಾಗದಿದ್ದರೆ ನಿಶ್ಚಿಂತೆ ಎಂದು ತಿಳಿಯಬಾರದು.

2. ಎಕ್ಸ್-ಕಿರಣ ಉಪಕರಣ: ಎಕ್ಸ್.ಆರ್.ಎಫ್. ಎಂದು ಕರೆಯಲಾಗುವ, ಕೈಯಲ್ಲಿ ಹಿಡಿಯಬಹುದಾದ ಈ ಯಂತ್ರವನ್ನು ಪಾತ್ರೆಯ ಮೇಲಿಟ್ಟರೆ ಕೆಲವೇ ಕ್ಷಣಗಳಲ್ಲಿ ಯಾವ ಲೋಹ ಎಷ್ಟಿದೆಯೆಂದು ತೋರಿಸುತ್ತದೆ. ಪಾತ್ರೆ ಹಾಳಾಗುವುದಿಲ್ಲ. ಆದರೆ ಇದು ಹೇಳುವುದು ಮೇಲ್ಮೈಯಲ್ಲಿರುವ ಒಟ್ಟು ಲೋಹವನ್ನು ಮಾತ್ರ. ಊಟಕ್ಕೆ ಇಳಿಯುವ ಪ್ರಮಾಣವನ್ನಲ್ಲ. ನೂರಾರು ಪಾತ್ರೆಗಳಿಂದ ಸಂಶಯಾಸ್ಪದವಾದವನ್ನು ಆರಿಸಲು ಇದು ಸೂಕ್ತ.

3. ಹುಳಿ ದ್ರಾವಣದ ಪರೀಕ್ಷೆ: ಇದೇ ನಿಜವಾದ ಪರೀಕ್ಷೆ. ಪಾತ್ರೆಯನ್ನು ಸೋಪಿನ ನೀರಿನಿಂದ ತೊಳೆದು, ಭಟ್ಟಿ ಇಳಿಸಿದ ನೀರಿನಿಂದ ಜಾಲಿಸಿ, ಶೇಕಡಾ 4ರ ಅಸಿಟಿಕ್ ಆಮ್ಲವನ್ನು ತುಂಬುತ್ತಾರೆ. ಪಿಂಗಾಣಿಯಾದರೆ ಮುಚ್ಚಿ ಸುಮಾರು 22 ಡಿಗ್ರಿ ಉಷ್ಣತೆಯಲ್ಲಿ 24 ಗಂಟೆ ಇಡುತ್ತಾರೆ. ಅಡಿಗೆ ಪಾತ್ರೆಯಾದರೆ ಅಡಿಗೆಯನ್ನು ಹೋಲುವಂತೆ 2 ಗಂಟೆ ಕುದಿಸುವ ಕ್ರಮವನ್ನು ಸಂಶೋಧಕರು ಅನುಸರಿಸಿದ್ದಾರೆ. ಅನಂತರ ಆ ದ್ರಾವಣದಲ್ಲಿ ಇಳಿದ ಸೀಸ, ಕ್ಯಾಡ್ಮಿಯಂಗಳನ್ನು ಅಟಾಮಿಕ್ ಅಬ್ಸಾರ್ಪ್ಶನ್ ಸ್ಪೆಕ್ಟ್ರೊಫೋಟೊಮೀಟರ್ ಎಂಬ ಉಪಕರಣದಿಂದ ಅಳೆಯುತ್ತಾರೆ. ಮಣ್ಣಿನ ಸತು, ಕಬ್ಬಿಣಗಳನ್ನು ಅಳೆಯಲು ಬಳಸುವ ಉಪಕರಣವೂ ಇದೇ ಬಗೆಯದು. ಲೋಹಕ್ಕೆ ತಕ್ಕ ದೀಪ ಬದಲಾಗುತ್ತದೆ ಅಷ್ಟೆ.

ಈ ಪರೀಕ್ಷೆ ಮಾಡಿಸುವವರು ಮೂರು ವಿಷಯಗಳನ್ನು ನೆನಪಿಡಬೇಕು. ಮೊದಲನೆಯದಾಗಿ, ಕ್ಷೇತ್ರ ಪ್ರಯೋಗದಲ್ಲಿ ಗೊಬ್ಬರ ಹಾಕದ ಹೋಲಿಕೆ ಮಡಿ ಇರುವಂತೆ, ಅದೇ ಆಮ್ಲವನ್ನು ಗಾಜಿನ ಪಾತ್ರೆಯಲ್ಲಿಯೂ ಕುದಿಸಿ ಅಳೆಯಬೇಕು. ಇಲ್ಲವಾದರೆ ಆಮ್ಲದಲ್ಲಿ ಮೊದಲೇ ಇದ್ದ ಸೀಸ ಪಾತ್ರೆಯ ಲೆಕ್ಕಕ್ಕೆ ಸೇರುತ್ತದೆ. ಎರಡನೆಯದಾಗಿ, ವರದಿಯಲ್ಲಿ ‘ಪತ್ತೆಯಾಗಲಿಲ್ಲ’ ಎಂದಿದ್ದರೆ ಆ ಉಪಕರಣ ಪತ್ತೆ ಹಚ್ಚಬಲ್ಲ ಕನಿಷ್ಠ ಪ್ರಮಾಣ ಎಷ್ಟೆಂದು ಕೇಳಬೇಕು. ಜ್ವಾಲೆಯ ವಿಧಾನಕ್ಕೆ ಅತ್ಯಲ್ಪ ಸೀಸ ಸಿಕ್ಕದೆ ಹೋಗಬಹುದು. ಗ್ರಾಫೈಟ್ ಕುಲುಮೆ ಅಥವಾ ಐ.ಸಿ.ಪಿ. ವಿಧಾನ ಹೆಚ್ಚು ಸೂಕ್ಷ್ಮ. ಮೂರನೆಯದಾಗಿ, ಮಾನ್ಯತೆ ಪಡೆದ ಪ್ರಯೋಗಶಾಲೆಯನ್ನೇ ಆರಿಸಬೇಕು. ಪರೀಕ್ಷೆಗೆ ಬಳಸಿದ ದ್ರಾವಣವನ್ನು ಚೆಲ್ಲಬೇಕೇ ಹೊರತು ಯಾವ ಉಪಯೋಗಕ್ಕೂ ತರಬಾರದು.

ವರದಿಯನ್ನು ಓದುವ ಲೆಕ್ಕ

ಒಂದು ಬೋಗುಣಿಯ ದ್ರಾವಣದಲ್ಲಿ ಲೀಟರಿಗೆ 0.05 ಮಿಲಿಗ್ರಾಂ ಸೀಸ ಕಂಡುಬಂದಿತೆಂದು ಇಟ್ಟುಕೊಳ್ಳೋಣ. ಸಂಖ್ಯೆ ಬಹಳ ಚಿಕ್ಕದಾಗಿ ಕಾಣುತ್ತದೆ. ಒಂದು ಮಿಲಿಗ್ರಾಂ ಎಂದರೆ 1000 ಮೈಕ್ರೋಗ್ರಾಂ. ಆದ್ದರಿಂದ ಇದು ಲೀಟರಿಗೆ 50 ಮೈಕ್ರೋಗ್ರಾಂ. ಮಗುವೊಂದು ಆ ಬೋಗುಣಿಯ ಸಾರನ್ನು ದಿನಕ್ಕೆ 150 ಮಿಲಿಲೀಟರ್ ಉಂಡರೆ 7.5 ಮೈಕ್ರೋಗ್ರಾಂ ಸೀಸ ಹೊಟ್ಟೆ ಸೇರುತ್ತದೆ. ಆಹಾರದ ಮೂಲಕ ಮಕ್ಕಳಿಗೆ ಹೋಗುವ ಸೀಸಕ್ಕೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಇಟ್ಟುಕೊಂಡಿರುವ ದಿನದ ಅಳತೆಗೋಲು 2.2 ಮೈಕ್ರೋಗ್ರಾಂ, ಹೆರುವ ವಯಸ್ಸಿನ ಮಹಿಳೆಯರಿಗೆ 8.8 ಮೈಕ್ರೋಗ್ರಾಂ. ಅಂದರೆ ಮಗುವಿಗೆ ಒಂದು ಬಟ್ಟಲು ಸಾರಿನಲ್ಲಿಯೇ ಮೂರು ಪಟ್ಟಿಗೂ ಹೆಚ್ಚು ಸೀಸ ಬಂದಂತಾಯಿತು. ನಮ್ಮ ದೇಶದ ಕುಡಿಯುವ ನೀರಿನ ಮಾನಕದಲ್ಲಿ (ಐ.ಎಸ್. 10500) ಸೀಸದ ಮಿತಿ ಲೀಟರಿಗೆ 0.01 ಮಿಲಿಗ್ರಾಂ, ಕ್ಯಾಡ್ಮಿಯಂ ಮಿತಿ 0.003 ಮಿಲಿಗ್ರಾಂ ಎಂಬುದನ್ನೂ ಹೋಲಿಸಿ ನೋಡಬಹುದು.

ಕುದಿಯುವ ಆಮ್ಲ ಮನೆಯ ಸಾರಿಗಿಂತ ಕಟುವಾದುದರಿಂದ ಪ್ರತಿದಿನ ಇಷ್ಟೇ ಇಳಿಯುತ್ತದೆಂದು ತಿಳಿಯಬೇಕಾಗಿಲ್ಲ. ಯಾವ ಪಾತ್ರೆಯನ್ನು ಮೊದಲು ಒಲೆಯಿಂದ ಇಳಿಸಬೇಕೆಂದು ತೀರ್ಮಾನಿಸಲು ಮಾತ್ರ ಈ ಲೆಕ್ಕ ಸಾಕು.

ಎಲ್ಲ ಮನೆಯ ಎಲ್ಲ ಪಾತ್ರೆಗಳನ್ನು ಪರೀಕ್ಷಿಸುವುದು ಸಾಧ್ಯವೂ ಅಲ್ಲ, ಅವಶ್ಯವೂ ಅಲ್ಲ. ಎಳೆಯ ಮಕ್ಕಳು ಮತ್ತು ಗರ್ಭಿಣಿಯರು ಉಣ್ಣುವ, ಹುಳಿ ಪದಾರ್ಥ ಕುದಿಯುವ, ಹೆಚ್ಚು ಜನರಿಗೆ ಬಡಿಸುವ ಪಾತ್ರೆಗಳಿಗೆ ಆದ್ಯತೆ ಕೊಡಬೇಕು. ಅಂಗನವಾಡಿ, ಶಾಲೆಯ ಬಿಸಿಯೂಟ ಮತ್ತು ದಾಸೋಹದ ಅಡಿಗೆಮನೆಗಳ ದೊಡ್ಡ ಅಲ್ಯೂಮಿನಿಯಂ ಪಾತ್ರೆಗಳು ಈ ಕಾರಣದಿಂದ ಪಟ್ಟಿಯ ಮೊದಲಲ್ಲಿ ಬರುತ್ತವೆ. ಒಂದು ಪಾತ್ರೆಯ ಪರೀಕ್ಷೆಯಿಂದ ನೂರು ಮಕ್ಕಳ ಊಟದ ವಿಷಯ ತಿಳಿಯುತ್ತದೆ. ಸ್ತ್ರೀಶಕ್ತಿ ಸಂಘಗಳೂ ಹಾಲಿನ ಸಂಘಗಳೂ ಒಟ್ಟಾಗಿ, ಊರಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಒಂದೆರಡು ಬಗೆಯ ಎರಕದ ಪಾತ್ರೆಗಳನ್ನು ಮಾದರಿಗಾಗಿ ಪರೀಕ್ಷೆ ಮಾಡಿಸಿದರೆ ಖರ್ಚು ಹಂಚಿಹೋಗುತ್ತದೆ.

ಪಾತ್ರೆಯಲ್ಲದೆ ಬೇರೆ ಮೂಲಗಳು

ಟ್ರ್ಯಾಕ್ಟರ್ ಮತ್ತು ಇನ್ವರ್ಟರ್‌ಗಳ ಹಳೆಯ ಬ್ಯಾಟರಿ ರೈತರ ಮನೆಯಲ್ಲಿ ಅತಿ ಹೆಚ್ಚು ಸೀಸವಿರುವ ವಸ್ತು. ಅದನ್ನು ಒಡೆಯುವುದು, ಸೀಸವನ್ನು ಒಲೆಯ ಮೇಲೆ ಕರಗಿಸುವುದು, ಕೊಟ್ಟಿಗೆಯಲ್ಲಿ ಎಸೆಯುವುದು ಸಲ್ಲದು. ಒಡೆದ ಬ್ಯಾಟರಿಯನ್ನು ನೆಕ್ಕಿ ದನಕರುಗಳು ಸಾಯುವುದುಂಟು. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿ ಮರಳಿ ಪಡೆಯುವ ಹೊಣೆ ತಯಾರಕರದು. ಅದನ್ನು ಮಾರಾಟಗಾರರಿಗೆ ಒಪ್ಪಿಸಬೇಕು.

ಮನೆಬಣ್ಣದಲ್ಲಿ ಸೀಸ 90 ಪಿ.ಪಿ.ಎಂ. ಮೀರಬಾರದೆಂಬ ನಿಯಮ 2017ರ ನವೆಂಬರ್‌ನಿಂದ ಜಾರಿಯಲ್ಲಿದೆ. ಅದಕ್ಕೆ ಮುಂಚೆ ಬಳಿದ ಬಾಗಿಲು, ತೊಟ್ಟಿಲು, ಕಿಟಕಿಗಳ ಬಣ್ಣ ಉದುರುತ್ತಿದ್ದರೆ ಒಣಗಿದಂತೆಯೇ ಕೆರೆಯಬಾರದು. ಒದ್ದೆ ಮಾಡಿ ತೆಗೆದು ಮಕ್ಕಳಿಂದ ದೂರವಿಡಬೇಕು. ಅಂಗಡಿಯ ಸುರ್ಮಾದಲ್ಲಿ ಸೀಸದ ಸಲ್ಫೈಡ್ ಇರಬಹುದು; ಕೂಸಿನ ಕಣ್ಣಿಗೆ ಹಚ್ಚಬಾರದು. ಬಣ್ಣ ಏರಿಸಲು ಅರಿಸಿನಕ್ಕೆ ಸೀಸದ ಕ್ರೋಮೇಟ್ ಬೆರೆಸುವ ದುರ್ವ್ಯಾಪಾರವೂ ಬೆಳಕಿಗೆ ಬಂದಿದೆ. ಕೊಂಬು ಕೊಂಡು ಮನೆಯಲ್ಲಿ ಪುಡಿ ಮಾಡಿಸುವುದು ಕ್ಷೇಮ. ಸಂಶಯವಿದ್ದರೆ, 2006ರ ಆಹಾರ ಸುರಕ್ಷತಾ ಕಾಯಿದೆಯ 40ನೆಯ ಕಲಮಿನಂತೆ ಕೊಂಡವರೇ ಶುಲ್ಕ ಕೊಟ್ಟು ಆಹಾರ ಪದಾರ್ಥವನ್ನು ಪರೀಕ್ಷೆ ಮಾಡಿಸಬಹುದು.

ಕೃಷಿಕರು ಮರೆಯಬಾರದ ಮತ್ತೊಂದು ವಿಷಯ ಬೀಜೋಪಚಾರದ ಪಾತ್ರೆ. ಪಾದರಸಯುಕ್ತ ಬೀಜೋಪಚಾರ ಔಷಧಗಳು ಹಿಂದೆ ಬಳಕೆಯಲ್ಲಿದ್ದವು. ಆಲೂಗಡ್ಡೆ ಮತ್ತು ಕಬ್ಬಿನ ತುಂಡುಗಳ ಉಪಚಾರಕ್ಕೆ ಕೊನೆಯವರೆಗೆ ಉಳಿದಿದ್ದ ಮೆಥಾಕ್ಸಿ ಈಥೈಲ್ ಮರ್ಕ್ಯುರಿ ಕ್ಲೋರೈಡನ್ನು 2018ರಲ್ಲಿ ನಿಷೇಧಿಸಲಾಯಿತು. ಇರಾಕಿನಲ್ಲಿ 1971-72ರಲ್ಲಿ ಬಿತ್ತನೆಗೆಂದು ಪಾದರಸ ಲೇಪಿಸಿದ ಗೋಧಿಯನ್ನು ಜನರು ರೊಟ್ಟಿ ಮಾಡಿ ತಿಂದು, ಸರ್ಕಾರಿ ಲೆಕ್ಕದಂತೆ 6,530 ಮಂದಿ ಆಸ್ಪತ್ರೆ ಸೇರಿ 459 ಮಂದಿ ಮರಣ ಹೊಂದಿದರು. ಹಳೆಯ ದಾಸ್ತಾನು ಮನೆಯಲ್ಲಿದ್ದರೆ ಬಳಸಬಾರದು. ಯಾವುದೇ ಔಷಧ ಕಲಸಿದ ಬಕೆಟ್ಟು, ಬೋಗುಣಿಗಳನ್ನು ಅಡಿಗೆಗಾಗಲಿ ದನಗಳಿಗೆ ನೀರು ಕುಡಿಸಲಾಗಲಿ ಮತ್ತೆ ಬಳಸಬಾರದು.

ಆಹಾರದಿಂದ ರಕ್ಷಣೆ ಮತ್ತು ರಕ್ತಪರೀಕ್ಷೆ

ಕಬ್ಬಿಣ ಮತ್ತು ಸುಣ್ಣದ ಅಂಶ ಕಡಿಮೆಯಿರುವ ಮಗುವಿನ ದೇಹ ಸೀಸವನ್ನು ಹೆಚ್ಚು ಹೀರುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ರಾಗಿ ಅಂಬಲಿ, ಹಾಲು, ಸೊಪ್ಪು, ಕಾಳು, ನೆಲ್ಲಿಕಾಯಿ ಅಥವಾ ನಿಂಬೆ ಮಕ್ಕಳ ಊಟದಲ್ಲಿ ದಿನವೂ ಇರಬೇಕು. ಇದು ಸೀಸವನ್ನು ಹೊರಹಾಕುವ ಔಷಧವಲ್ಲ. ಒಳಸೇರುವುದನ್ನು ಕಡಿಮೆ ಮಾಡುವ ಉಪಾಯ. ಮನೆಯಲ್ಲಿ ಎರಕದ ಪಾತ್ರೆ, ಬ್ಯಾಟರಿ ಕೆಲಸ ಅಥವಾ ಉದುರುವ ಬಣ್ಣ ಇದ್ದು, ಮಗುವಿಗೆ ಕಾರಣ ತಿಳಿಯದ ರಕ್ತಹೀನತೆ, ಹೊಟ್ಟೆನೋವು ಅಥವಾ ಕಲಿಕೆಯಲ್ಲಿ ಹಿನ್ನಡೆ ಕಂಡರೆ ರಕ್ತದ ಸೀಸ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಬೇಕು. ಹೆಚ್ಚಿದ್ದಲ್ಲಿ ಮೊದಲ ಚಿಕಿತ್ಸೆ ಮೂಲವನ್ನು ಮನೆಯಿಂದ ತೆಗೆಯುವುದೇ.

ನೆನಪಿನಲ್ಲಿಡಬೇಕಾದ ಅಂಶಗಳು

1. ಹುಳಿ ಅಡಿಗೆ, ಮಜ್ಜಿಗೆ, ದೋಸೆಹಿಟ್ಟುಗಳಿಗೆ ಸ್ಟೀಲ್, ಗಾಜು ಅಥವಾ ಸಾದಾ ಮಣ್ಣಿನ ಪಾತ್ರೆ ಬಳಸಿ. ಮನೆಗೆ ಒಂದೇ ಸ್ಟೀಲ್ ಪಾತ್ರೆ ಕೊಳ್ಳಲು ಸಾಧ್ಯವಿದ್ದರೆ ಅದನ್ನು ಸಾರಿಗೆ ಮೀಸಲಿಡಿ.

2. ಕೂಸಿನ ಹಾಲನ್ನು ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಎಂದಿಗೂ ಕಾಯಿಸಬೇಡಿ, ಇಡಬೇಡಿ.

3. ಕಲಾಯಿಗೆ ಶುದ್ಧ ತವರವನ್ನೇ ಬಳಸಿ. ಸವೆದ ಕೂಡಲೇ ಮತ್ತೆ ಮಾಡಿಸಿ.

4. ಗುರುತಿಲ್ಲದ ಎರಕದ ಅಲ್ಯೂಮಿನಿಯಂ ಪಾತ್ರೆ ಕೊಳ್ಳಬೇಡಿ. ಅಲ್ಯೂಮಿನಿಯಂ ಪಾತ್ರೆಗೆ ಐ.ಎಸ್. 1660, ಸ್ಟೀಲ್ ಪಾತ್ರೆಗೆ ಐ.ಎಸ್. 14756 ಮಾನಕಗಳಿವೆ, ಐ.ಎಸ್.ಐ. ಗುರುತು ನೋಡಿ ಕೊಳ್ಳಿ.

5. ಈಗಾಗಲೇ ಇರುವ ಎರಕದ ಪಾತ್ರೆಯನ್ನು ಸ್ನಾನದ ನೀರು ಕಾಯಿಸಲು ಬಳಸಬಹುದು. ಅಡಿಗೆಗೂ ದನಗಳ ಕಲಗಚ್ಚಿಗೂ ಬೇಡ.

6. ಬೇಯಿಸಿದ ಆಹಾರವನ್ನು ಲೋಹದ ಪಾತ್ರೆಯಲ್ಲಿ ರಾತ್ರಿಯಿಡೀ ಇಡುವುದಾದರೆ ಸ್ಟೀಲ್ ಪಾತ್ರೆಗೆ ಬಗ್ಗಿಸಿಡಿ.

7. ಅಂಗನವಾಡಿ ಮತ್ತು ಶಾಲೆಗಳ ದೊಡ್ಡ ಪಾತ್ರೆಗಳನ್ನು ಹುಳಿ ದ್ರಾವಣದ ವಿಧಾನದಿಂದ ಪರೀಕ್ಷಿಸಲು ಆದ್ಯತೆ ಕೊಡಿ.

ಮಣ್ಣು ಪರೀಕ್ಷೆ ಮಾಡಿಸದ ರೈತ ಒಂದು ಬೆಳೆಯ ಇಳುವರಿಯಲ್ಲಿ ನಷ್ಟ ಅನುಭವಿಸಬಹುದು. ಮುಂದಿನ ಹಂಗಾಮಿನಲ್ಲಿ ಅದನ್ನು ಸರಿಪಡಿಸಿಕೊಳ್ಳಲು ಅವಕಾಶವಿದೆ. ಮಗುವಿನ ಮೆದುಳು ಬೆಳೆಯುವ ಮೊದಲ ಕೆಲವು ವರ್ಷಗಳಿಗೆ ಮಾತ್ರ ಎರಡನೆಯ ಹಂಗಾಮು ಇಲ್ಲ. ಆದ್ದರಿಂದ ಪರೀಕ್ಷೆಯ ವರದಿ ಬರುವವರೆಗೂ ಕಾಯದೆ ಹುಳಿಸಾರನ್ನು ಇಂದೇ ಸ್ಟೀಲ್ ಪಾತ್ರೆಗೆ ಬದಲಿಸುವುದು ಪ್ರತಿಯೊಂದು ಮನೆಯವರೂ ಕೈಗೊಳ್ಳಬಹುದಾದ ಮೊದಲ ಕ್ರಮ.